ಬಾಡಿಗೆಗೆ ಕೊಟ್ಟ ಬಾವಿ

8-11-64, ಭಾನುವಾರ

ಸಂಬಳ ಬಂದು ನಾಲ್ಕು ದಿನ. ಡಬ್ಬಿ ಆಗಲೇ ಹಗುರ. ಮೊದಲು ಸೊಸೈಟಿ ಕಂತು ನಲವತ್ತೆರಡು ತೆಗೆದಿಟ್ಟೆ — ಮನೆ ಆಧಾರ ಇಟ್ಟಿರೋರು ಬೇರೆ ಯಾವುದಕ್ಕೂ ಮೊದಲು ಕೈ ಹಾಕೋ ಹಾಗಿಲ್ಲ. ಆಮೇಲೆ ರಾಗಿ, ಸೀಮೆಎಣ್ಣೆ, ಮಗಳು ಸಣ್ಣಿಗೆ ಹಾಲು, ಇವರ ಬಸ್ ಚಾರ್ಜು. ಕೊನೆಗೆ ಅತ್ತೆಯ ಎಲೆಅಡಿಕೆ, ಹೊಗೆಸೊಪ್ಪು. ಸಾಲಿನಲ್ಲಿ ತಾನು ಕೊನೆಗೆ ನಿಂತಿರೋದು ಅತ್ತೆಗೆ ಹೇಗೋ ಗೊತ್ತಾಗಿದೆ. ಬೆಳಿಗ್ಗೆಯಿಂದ ಮುಖ ಗಂಟು.

ಹಳ್ಳಿಮೈಸೂರಿನ ಸ್ಕೂಲಿಗೆ ಸೈಕಲ್‌ನಲ್ಲೇ ಹೋಗ್ತೀನಿ, ಬಸ್ ಚಾರ್ಜು ಉಳಿಯುತ್ತೆ ಅಂತಾರೆ ಇವರು. ಟೈಫಾಯಿಡ್‌ನಲ್ಲಿ ಎರಡು ತಿಂಗಳು ಮಲಗಿ ಎದ್ದ ಮೇಷ್ಟ್ರು. ದಾರೀಲಿ ಬಿದ್ದರೆ ಸ್ಕೂಲ್ ಮಕ್ಕಳು ಹೊತ್ತುಕೊಂಡು ಬರಬೇಕು. ಬೇಡ ಅಂದೆ. ಆ ಎರಡು ತಿಂಗಳು ಸಂಬಳವಿಲ್ಲದ ರಜೆ, ಎರಡು ಕಂತು ನಿಂತುಹೋಯ್ತು. ಇನ್ನೊಂದು ನಿಂತರೆ ನೋಟೀಸು. ನೋಟೀಸಾದ ಮೇಲೆ ಹರಾಜು. ಕಾಗದದಲ್ಲಿ ಹಾಗೇ ಇದೆ, ಓದಿಯೇ ಸೈನ್ ಹಾಕಿದ್ದು.

ಡ್ಯೂಟಿ ಸೀರೆ ಒಂದೇ ಇದೆ. ಒಗೆದು ಹಾಕಬೇಕು, ಒಣಗಿದರೆ ಪುಣ್ಯ.


21-11-64

ಆಸ್ಪತ್ರೆಯಲ್ಲಿ ಇವತ್ತು ಎರಡು ಹೆರಿಗೆ. ಒಂದು ಸರಾಗ. ಇನ್ನೊಂದನ್ನ ಹಾಸನಕ್ಕೆ ಕಳಿಸಬೇಕಾಯ್ತು. ಕಾಲು ಬಿದ್ದುಹೋಗ್ತಿದೆ.

ಬರುವಾಗ ಕಂತು ಕಟ್ಟಿದೆ. ಸೊಸೈಟಿ ಸೆಕ್ರೆಟರಿ ಕನ್ನಡಕದ ಮೇಲಿಂದ ನೋಡಿ, ಬಡ್ಡಿ ಏರೋ ಮಾತು ನಡೀತಿದೆ ನರ್ಸಮ್ಮ, ಬ್ಯಾಂಕಿನೋರು ನಮಗೆ ಏರಿಸಿದರೆ ನಾವು ನಿಮಗೆ ಏರಿಸಲೇಬೇಕು ಅಂದ. ಎಷ್ಟು? ಗೊತ್ತಿಲ್ಲ. ಯಾವಾಗ? ಏಪ್ರಿಲ್ ಇರಬಹುದು. ಕಂತು ಐವತ್ತಾದರೂ ಆಗಬಹುದು.

ಗೊತ್ತಿಲ್ಲದೋನು ಬಾಯಿ ಮುಚ್ಚಿಕೊಂಡು ಇರಬಾರದೆ. ಇಷ್ಟು ಅಂತ ಹೇಳಿದರೆ ಹೊಟ್ಟೆಬಟ್ಟೆ ಕಟ್ಟೋಕೆ ಶುರು ಮಾಡಬಹುದು. ‘ಆಗಬಹುದು’ ಅನ್ನೋದಕ್ಕೆ ಎಷ್ಟು ಹೊಟ್ಟೆ ಕಟ್ಟಬೇಕು?


22-11-64, ಭಾನುವಾರ

ಇವತ್ತು ಮೂರೂ ಜನ ಕೂತು ಮಾತಾಡಿದೆವು. ಯಾವುದನ್ನ ಬಿಡೋದು, ಯಾವುದನ್ನ ಇಟ್ಟುಕೊಳ್ಳೋದು. ಕರೆಂಟ್ ಹಾಕಿಸೋದು ಮುಂದಕ್ಕೆ. ಅಡುಗೆಮನೆಗೆ ಗಾರೆ, ಅದೂ ಮುಂದಕ್ಕೆ. ಅಕ್ಕಿ ಹಬ್ಬಕ್ಕೆ ಮಾತ್ರ. ಹುಣ್ಣಿಮೆಗೆ ಹಾಸನದಲ್ಲಿ ಬುದ್ಧವಂದನೆಗೆ ಹೋಗೋದು ಬಿಟ್ಟುಬಿಡ್ತೀನಿ ಅಂತ ಇವರೇ ಅಂದರು. ಇವರಿಗೆ ಇರೋ ಸಂತೋಷ ಅದೊಂದು. ಬೇಡ ಅನ್ನೋಣ ಅಂದುಕೊಂಡೆ, ಅನ್ನಲಿಲ್ಲ.

ಅತ್ತೆ ಮಾತ್ರ ಎಲೆಅಡಿಕೆ ಚೀಲ ಹಿಡಿದುಕೊಂಡು ಕೂತಿದ್ದಳು, ಯಾರೋ ಕಿತ್ತುಕೊಳ್ತಾರೆ ಅನ್ನೋ ಹಾಗೆ. ನಂದು ಬುಡ್ರವ್ವಾ, ನಾನೇನು ಇನ್ನೂ ಎಷ್ಟು ದಿಸ ಇರ್ತೀನಿ ಅಂದಳು. ಹತ್ತು ವರ್ಷದಿಂದ ಇದೇ ಮಾತು. ನಗು ಬಂತು. ಬಿಟ್ಟೆವು.

ಇಷ್ಟೆಲ್ಲ ಬಿಟ್ಟರೂ ತಿಂಗಳಿಗೆ ಉಳಿಯೋದು ಮೂರು ರೂಪಾಯಿ ಐವತ್ತು ಪೈಸೆ.


13-12-64

ತಾಲ್ಲೂಕು ಆಫೀಸಿನ ಜವಾನ ಕಾಳಯ್ಯ ಬಂದಿದ್ದ. ಇವರ ದೊಡ್ಡಮ್ಮನ ಮಗ. ಮುಂದಿನ ರೂಮು ಬಾಡಿಗೆಗೆ ಕೊಡಿ, ಸರ್ಕಾರಿ ಕೆಲಸಕ್ಕೆ ವರ್ಗವಾಗಿ ಬರೋರು ಮನೆ ಸಿಗದೆ ಒದ್ದಾಡ್ತಾ ಅವ್ರೆ ಅಂದ. ಹೌದಲ್ಲ, ಹೊಳೆದೇ ಇರಲಿಲ್ಲ ನಮಗೆ. ಬಾಡಿಗೆಗೆ ಮನೆ ಕೇಳಿಕೊಂಡು ತಿರುಗಿದ್ದೇ ಆಯ್ತು ವಿನಾ, ಕೊಡೋರೂ ನಾವಾಗಬಹುದು ಅಂತ ತಲೆಗೆ ಬರಲಿಲ್ಲ.

ಇವರು ರಟ್ಟಿನ ಮೇಲೆ ಬರೆದು ಕಿಟಕಿಗೆ ಕಟ್ಟಿದರು. ಮೇಷ್ಟ್ರ ಅಕ್ಷರ, ಮುತ್ತಿನ ಹಾಗಿದೆ. ಸಂಜೆ ಎರಡು ಸಲ ಹೊರಗೆ ಹೋಗಿ ನೋಡಿ ಬಂದೆ.


3-1-65, ಭಾನುವಾರ

ನಾಲ್ಕು ಜನ ಬಂದರು, ನಾಲ್ಕು ಜನ ಹೋದರು. ಮನೆ ಚೆನ್ನಾಗಿದೆ ಅಂದರು, ಗಾಳಿ ಬೆಳಕು ಚೆನ್ನಾಗಿದೆ ಅಂದರು. ಪಕ್ಕದ ಮನೆಯಲ್ಲಿ ವಿಚಾರಿಸಿದರು. ಆಮೇಲೆ ಈ ಕಡೆ ತಲೆ ಹಾಕಲಿಲ್ಲ. ಒಬ್ಬ ಮಾತ್ರ ನೆಟ್ಟಗೆ ನನ್ನನ್ನೇ ಕೇಳಿದ, ನೀವು ಯಾವ ಜನ? ಕೇರಿಯವರು ಅಂದೆ. ಚಪ್ಪಲಿ ಮೆಟ್ಟಿಕೊಂಡ.

ಮೈಯೆಲ್ಲ ಉರಿದುಹೋಯ್ತು. ಬಾಡಿಗೆಗೆ ಮನೆ ಕೇಳೋಕೆ ಹೋದಾಗ ಕೇಳಿದರು, ಯಾವ ಜನ? ಅದಕ್ಕೇ ಅಲ್ಲವೆ ಸಾಲ ಮಾಡಿ ಕಟ್ಟಿದ್ದು, ಇನ್ನು ಯಾರೂ ಕೇಳಬಾರದು ಅಂತ. ಈಗ ನಮ್ಮ ಜಗಲಿ ಮೇಲೇ ನಿಂತು ಕೇಳ್ತಾರೆ.

ಇವರು ರಟ್ಟು ತೆಗೆದುಬಿಡೋಣ ಅಂದರು. ಇರಲಿ ಅಂದೆ.


24-1-65

ಹಾಲು ಅರ್ಧಕ್ಕೆ ಇಳಿಸಿದೆ. ಸಣ್ಣಿಗೆ ಆರು ವರ್ಷ, ಕೈಕಾಲು ಕಡ್ಡಿ. ಬೆಳಿಗ್ಗೆ ಹಾಲು, ರಾತ್ರಿ ರಾಗಿಗಂಜಿ. ಊರಲ್ಲಿ ಎಲ್ಲರ ಹೆಂಡಿರಿಗೂ ಹೇಳೋಳು ನಾನು, ಮಗುವಿಗೆ ಹಾಲು ತಪ್ಪಿಸಬೇಡಿ ಅಂತ. ಲೋಟ ನೋಡಿ, ಇಷ್ಟೇನಾ ಅಂದಳು. ಹೂಂ ಇಷ್ಟೇ ಅಂತ ಗದರಿಬಿಟ್ಟೆ.

ಈ ತಿಂಗಳ ಕಂತು ಕಟ್ಟಾಯ್ತು. ಹಳೇ ಎರಡು ಹಾಗೇ ಕೂತಿವೆ.


7-2-65, ಭಾನುವಾರ, ಸಂಜೆ

ಇವತ್ತು ಒಬ್ಬರು ಬಂದರು. ಅರಕಲಗೂಡಿನಿಂದ ವರ್ಗವಾಗಿ ಬಂದಿರೋ ಗುಮಾಸ್ತರು. ಇನ್ನೂ ಹುಡುಗರ ಹಾಗಿದ್ದಾರೆ. ಮನೆಯಲ್ಲಿ ತಾಯಿ, ಹೆಂಡತಿ. ಹೆಂಡತಿಗೆ ಎಂಟು ತುಂಬ್ತಾ ಇದೆಯಂತೆ, ಚೊಚ್ಚಲು. ಅದಕ್ಕೇ ಮಿಡ್‌ವೈಫ್ ಇರೋ ಮನೇನೇ ಬೇಕು ಅಂತ ಕಾಳಯ್ಯನನ್ನ ಹಿಡಿದುಕೊಂಡು ಬಂದಿದ್ದಾರೆ. ನಾವು ಯಾರು ಅಂತ ಮೊದಲೇ ಗೊತ್ತು, ಕೇಳಲಿಲ್ಲ. ಅಷ್ಟಕ್ಕೇ ನನಗೆ ಒಳ್ಳೆಯವರು ಅನ್ನಿಸಿಬಿಟ್ಟಿತು.

ಒಂದು ರೂಮು ಸಾಲದು, ಮುಂದಿನ ಭಾಗ ಪೂರ್ತಿ ಬೇಕು ಅಂದರು. ಪಡಸಾಲೆ, ರೂಮು, ಅಡುಗೆಮನೆ. ನಾವು ಹಿಂದಿನ ರೂಮಿಗೆ, ಅಡುಗೆ ತಗಡಿನ ಮಾಡಿಗೆ. ತಿಂಗಳಿಗೆ ನಲವತ್ತು. ನಲವತ್ತು! ಕಂತಿಗೆ ಎರಡು ಕಮ್ಮಿ. ಹೂಂ ಅನ್ನೋಕೆ ಬಾಯಿ ತೆಗೆದಿದ್ದೆ.

ಆಗ ಅವರು ಕಾಲಿನ ಹೆಬ್ಬೆರಳು ನೋಡಿಕೊಂಡು ಅಂದರು:

"ಇನ್ನೊಂದು ವಿಷಯ ನರ್ಸಮ್ಮ. ನನಗೇನೂ ಇಲ್ಲ, ನಮ್ಮ ತಾಯಿ ಮಡಿಯೋರು. ಹಿತ್ತಲ ಬಾವಿ... ನಾವಿರೋ ತನಕ ನಾವೇ ಬಳಸಿಕೊಳ್ತೀವಿ. ನೀವು ಮುಟ್ಟೋದು ಬೇಡ."

ಬುಧವಾರ ಹೇಳ್ತೀನಿ ಅಂದೆ.


8-2-65

ಇವರು ನಿನ್ನೆ ರಾತ್ರಿ ಅರ್ಧ ಊಟಕ್ಕೇ ಎದ್ದರು. ಇವತ್ತು ಸ್ಕೂಲಿಂದ ಬಂದು ಅಂಗಿ ಬಿಚ್ಚದೇ ಕೂತರು. ಆ ಬಾವಿ ತೋಡುವಾಗ ಸ್ಕೂಲಿಗೆ ರಜೆ ಹಾಕಿ ತಾವೇ ಇಳಿದು ಮಣ್ಣು ಎತ್ತಿದೋರು. ನೀರು ಬಂದ ದಿನ ಬಾವಿ ಒಳಗಿಂದಲೇ ಕೂಗಿಕೊಂಡಿದ್ದರು. ನನ್ನ ಬಾವಿ ನೀರು ನಾನು ಮುಟ್ಟಬಾರದು ಅಂತ ಕೇಳೋಕೆ ಬಂದಿದಾನಲ್ಲ, ಅವನನ್ನ ಕೂರಿಸಿ ಕಾಫಿ ಕೊಟ್ಟೆಯಾ ಅಂದರು. ಕಾಫಿ ಕುಡೀಲಿಲ್ಲ ಅವರು ಅಂದೆ.

ಅತ್ತೆಗೆ ಇದರಲ್ಲಿ ಏನು ಸಂಕಟ ಅಂತಲೇ ಅರ್ಥವಾಗಲಿಲ್ಲ. "ಅದ್ಕೇನ್ಲಾ ತಮ್ಮಯ್ಯ, ಒಳೆ ಐತಲ್ಲ. ನಾನು ಹುಟ್ದಾಗಿಂದ ಒಳೆ ನೀರೇ ಕುಡ್ದಿವ್ನಿ. ನಲ್ವತ್ ರೂಪಾಯಿ ಅಂದ್ರೆ ಸುಮ್ನೆ ಅಂತೀಯೇನ್ಲಾ?"

ಅವಳ ಮೇಲೂ ಸಿಟ್ಟು ಬಂತು. ಆದರೂ ಲೆಕ್ಕ ಹಾಕಿದೆ. ಮೊದಲ ತಿಂಗಳಿಗೆ ಹಳೇ ಕಂತು ಒಂದು. ಎರಡನೇ ತಿಂಗಳಿಗೆ ಇನ್ನೊಂದು. ಏಪ್ರಿಲ್‌ನಲ್ಲಿ ಏರಿದರೆ ಏರಲಿ. ಸಣ್ಣಿಗೆ ರಾತ್ರಿ ಹಾಲು. ಬಾವಿ ಉಳಿಸಿಕೊಂಡು ಮನೆ ಹರಾಜಾದರೆ ಆ ಬಾವಿ ಯಾರಿಗೆ?

ಇವರು ನನ್ನ ಮುಖ ನೋಡ್ತಾನೇ ಇದ್ದರು. ಬೇಡ ಅನ್ನಲಿ ಅಂತ ಕಾಯ್ತಿದ್ದರೋ ಏನೋ.

ನಾನೇ ಹೂಂ ಅಂದೆ. ಇನ್ನೊಬ್ಬರ ಮೇಲೆ ಹಾಕೋದಿಲ್ಲ.


15-2-65

ಬಂದರು. ಗಾಡಿ ಸಾಮಾನು. ಅಡ್ವಾನ್ಸ್ ನಲವತ್ತು. ನಮ್ಮದು ಎರಡು ಸೇರಿಸಿ ಹಳೇ ಕಂತು ಒಂದನ್ನ ಕಟ್ಟಿ ಬಂದೆ. ಸೆಕ್ರೆಟರಿ ರಸೀತಿ ಹರಿಯುವಾಗ ನಕ್ಕ. ನಾನೂ ನಕ್ಕೆ.

ಹುಡುಗಿ ಹೆಸರು ಪ್ರೇಮಕುಮಾರಿ. ಹತ್ತೊಂಬತ್ತು ಇರಬೇಕು. ಪಾದ ಊದಿದೆ. ಮುದುಕಿ ಕಮಲಾಕ್ಷಮ್ಮ. ಬಾವಿಗೆ ಗಂಗಾಜಲ ಬಿಟ್ಟಳು, ಹಗ್ಗ ಹೊಸದು ತಂದಿದ್ದಾಳೆ. ನಮ್ಮ ಹಗ್ಗ ನಮ್ಮ ಬಾಗಿಲ ಹತ್ತಿರ ಬಿದ್ದಿತ್ತು, ಕೋಲಿನಲ್ಲಿ ತಳ್ಳಿರಬೇಕು.


20-2-65

ಪೇಪರಿನಲ್ಲಿ ಬಂದಿದೆಯಂತೆ, ಬ್ಯಾಂಕ್ ಬಡ್ಡಿ ಏರಿಸಿದ್ದಾರೆ. ಇವರು ಸ್ಕೂಲಲ್ಲಿ ಓದಿ ಬಂದು ಹೇಳಿದರು. ಇನ್ನು ‘ಆಗಬಹುದು’ ಇಲ್ಲ.


28-2-65, ಭಾನುವಾರ

ಹೊಳೆಯಿಂದ ನೀರು. ಡ್ಯೂಟಿಗೆ ಮುಂಚೆ ನಾನು ಎರಡು ಕೊಡ, ಬಿಸಿಲು ಏರೋದರೊಳಗೆ ಅತ್ತೆ ಇನ್ನೆರಡು. ಅವಳೂ ಈಗ ಗೊಣಗೋಕೆ ಶುರು ಮಾಡಿದ್ದಾಳೆ. ಕೆಳಗೆ ಇಳಿಯೋದು ಸುಲಭ, ಹತ್ತೋದು ಹೆಣ ಬಿದ್ದುಹೋಗುತ್ತೆ. ಬಟ್ಟೆ ವಾರಕ್ಕೊಂದು ಸಲ. ಸಣ್ಣಿ ಸ್ಕೂಲಿಂದ ಬಂದು ಬಾವಿ ಕಟ್ಟೆ ಮೇಲೆ ಕೂತಳು ಅಂತ ಮುದುಕಿ ಒಳಗಿಂದಲೇ ಕೂಗಿದಳು. ಮಗು ಎದ್ದು ಬಂದು ನನ್ನ ಕೇಳ್ತು, ಬಾವಿ ಮಾರಿಬಿಟ್ಟೆವಾ ಅಮ್ಮ? ಇಲ್ಲ ಕಂದ, ಬಾಡಿಗೆಗೆ ಕೊಟ್ಟಿದ್ದೀವಿ.

ನಮ್ಮ ಹಿಂದಿನ ರೂಮಿಗೂ ಬಾವಿಗೂ ನಾಲ್ಕು ಮಾರು. ಬೆಳಿಗ್ಗೆ ರಾಟೆ ಸದ್ದಿಗೇ ಎಚ್ಚರ. ಇವರು ಗೋಡೆ ಕಡೆ ತಿರುಗಿ ಮಲಗ್ತಾರೆ.

ಮುದುಕಿ ಕೆಟ್ಟೋಳು ಅಂತ ಬರೆಯೋಕೂ ಮನಸ್ಸಿಲ್ಲ. ಸೊಸೆಯ ಮೇಲೆ ಜೀವ ಇಟ್ಟಿದ್ದಾಳೆ. ದಿನಾ ನನ್ನ ಕರೀತಾಳೆ, ಬಂದು ಹೊಟ್ಟೆ ನೋಡಮ್ಮ, ಕೂಸು ಆಡ್ತಿದೆಯಾ ನೋಡಮ್ಮ. ಹಾಸಿಗೆ ಪಕ್ಕದಲ್ಲೇ ಕೂತು ನೋಡ್ತೀನಿ, ಅದಕ್ಕೆ ಏನೂ ಅಡ್ಡಿಯಿಲ್ಲ. ನಾನು ಎದ್ದು ಬಂದ ಮೇಲೆ ನೆಲಕ್ಕೆ ನೀರು ಚೆಲ್ಲೋ ಸದ್ದು ಕೇಳಿಸುತ್ತೆ. ಕೇಳಿಸದ ಹಾಗೆ ಇರ್ತೀನಿ.

ನಾಳೆ ಬಾಡಿಗೆ. ಹಳೇ ಕಂತು ಎರಡನೇದೂ ತೀರಿದ ಹಾಗೆ.


14-3-65, ಭಾನುವಾರ

ಅಂಗೈಗೆ ಬಟ್ಟೆ ಸುತ್ತಿಕೊಂಡು ಕೂತಿದ್ದೀನಿ. ಬರೆದು ಮಲಗ್ತೀನಿ.

ಬೆಳಿಗ್ಗೆ ಒಂಬತ್ತಕ್ಕೆ ಮುದುಕಿ ಬಾಗಿಲು ಬಡಿದಳು. ಪ್ರೇಮಕುಮಾರಿಗೆ ನೋವು ಶುರು. ಗುಮಾಸ್ತರು ಉಳಿದ ಸಾಮಾನು ತರೋಕೆ ಅರಕಲಗೂಡಿಗೆ ಹೋಗಿದ್ದರು. ಇವರನ್ನ ಜಟಕಾ ತರೋಕೆ ಓಡಿಸಿದೆ, ಆಸ್ಪತ್ರೆಗೆ ಸಾಗಿಸೋಣ ಅಂತ. ಜಟಕಾ ಬರೋದರೊಳಗೆ ತಲೆ ಕಾಣಿಸ್ತು. ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿತ್ತು. ಬಿಡಿಸಿ ತೆಗೆದೆ. ಗಂಡು. ನೀಲಿಗಟ್ಟಿದೆ, ಅಳೋದಿಲ್ಲ, ಕೈಕಾಲು ಜೋತುಬಿದ್ದಿದೆ.

ಬಾಯಿ ಒರೆಸಿದೆ, ಬೆನ್ನು ತಿಕ್ಕಿದೆ. ಏನೂ ಇಲ್ಲ. ಬಿಸಿನೀರು ತಣ್ಣೀರು ಬದಲಿಸಿ ಅದ್ದಬೇಕು. ಟ್ರೈನಿಂಗ್‌ನಲ್ಲಿ ಹೇಳಿಕೊಟ್ಟಿದ್ದು ಅದೇ. ಹಂಡೆಯಲ್ಲಿ ಬಿಸಿನೀರು ಕುದೀತಿದೆ, ತಣ್ಣೀರಿನ ಕೊಡ ನೋಡಿದರೆ ಖಾಲಿ. ನೀರು ತನ್ನಿ ಅಂದೆ. ಮುದುಕಿ ಸೊಸೆಯ ತಲೆ ತೊಡೆ ಮೇಲೆ ಇಟ್ಟುಕೊಂಡು ಕಲ್ಲಾಗಿಬಿಟ್ಟಿದ್ದಾಳೆ. ಅಲ್ಲಾಡಲ್ಲ. ನಮ್ಮ ಅತ್ತೆ ಹೊಳೆಗೆ ಹೋಗಿದ್ದಳು.

ಓಡಿದೆ. ಅವರ ಹಗ್ಗ, ಅವರ ಕೊಡ. ಎಷ್ಟು ಬೇಗ ಸೇದಿದೆ ಅಂತ ನನಗೇ ಗೊತ್ತಿಲ್ಲ. ಅಂಗೈ ಕಿತ್ತುಹೋಗಿದೆ. ಒಂದು ಬೋಗುಣಿಗೆ ಬಿಸಿ, ಒಂದಕ್ಕೆ ತಣ್ಣಗೆ. ಅದ್ದಿದೆ, ತೆಗೆದೆ, ಅದ್ದಿದೆ. ಐದನೇ ಸಲವೋ ಆರನೇ ಸಲವೋ, ಬಿಕ್ಕಳಿಸಿದ ಹಾಗೆ ಒಂದು ಸದ್ದು. ಆಮೇಲೆ ಕಿರುಚಿಕೊಂಡಿತು ನೋಡು, ಬೀದಿಗೆಲ್ಲ ಕೇಳೋ ಹಾಗೆ. ನನಗೆ ಅಳು ಬಂದುಬಿಡ್ತು. ಇಷ್ಟು ವರ್ಷದಲ್ಲಿ ಅತ್ತೋಳಲ್ಲ.

ಮುದುಕಿ ನನ್ನ ಕಡೆ ಕೈ ಜೋಡಿಸಿದಳು. ಮಗುವಿನ ತಲೆ ಮೂಸಿದಳು. ಆಮೇಲೆ ಕೊಡ ನೋಡಿದಳು.


16-3-65

ಬಾಣಂತಿ ಚೆನ್ನಾಗಿದ್ದಾಳೆ. ಹಾಲು ಬಂದಿದೆ. ಗುಮಾಸ್ತರು ಹಿತ್ತಲಿಗೆ ಬಂದು, ನಿಮ್ಮ ಋಣ ತೀರಿಸೋಕಾಗಲ್ಲ ಅಂದರು. ಕಣ್ಣು ಒದ್ದೆ.

ಅವರು ಬಾವಿ ನೀರು ಸೇದ್ತಿಲ್ಲ. ಯಾರಿಗೋ ದುಡ್ಡು ಕೊಟ್ಟು ದಿನಾ ತರಿಸ್ತಿದ್ದಾರೆ. ನಾವೂ ಮುಟ್ಟೋ ಹಾಗಿಲ್ಲ. ಬಾವಿ ಸುಮ್ಮನೆ ಇದೆ.


24-3-65

ಹನ್ನೊಂದನೇ ದಿನ ಪುರೋಹಿತರು ಬಂದರು. ಮಗುವಿಗೆ ಪುಣ್ಯಾಹ. ಅದಾದ ಮೇಲೆ ಬಾವಿಗೂ. ಆಳುಗಳು ನೀರೆಲ್ಲ ಎತ್ತಿ ಚೆಲ್ಲಿದರು. ಆಮೇಲೆ ಮಂತ್ರ, ಹಾಲು, ಅರಿಶಿನ. ಇವರು ಸ್ಕೂಲಿಗೆ ಹೋಗಿದ್ದರು, ಸದ್ಯ. ನಾನು ನೈಟ್ ಡ್ಯೂಟಿ ಮುಗಿಸಿ ಮಲಗಿದ್ದೆ. ಕಿಟಕಿಯಿಂದ ಎಲ್ಲಾ ಕಾಣ್ತಿತ್ತು. ಆ ಹಾಲು ಒಂದು ಸೇರಾದರೂ ಇತ್ತು.


27-3-65

ಸೊಸೈಟಿ ಕಾಗದ ಬಂತು. ಏಪ್ರಿಲ್‌ನಿಂದ ಕಂತು ನಲವತ್ತೆಂಟು. ಐವತ್ತಲ್ಲವಲ್ಲ ಅಂದರು ಇವರು. ಅದೂ ಒಂದು ಸಂತೋಷ.


1-4-65

ಸಂಜೆ ಗುಮಾಸ್ತರು ಬಾಡಿಗೆ ಕೊಟ್ಟರು. ಎಣಿಸಿದೆ. ಇಪ್ಪತ್ತೈದು. ಇನ್ನೊಂದು ಸಲ ಎಣಿಸಿದೆ.

ಬಾವಿ ಶುದ್ಧಿಗೆ ಹದಿನೈದಾಯ್ತು ನರ್ಸಮ್ಮ, ಆಳುಗಳಿಗೆ, ದಕ್ಷಿಣೆಗೆ. ಬಾಡಿಗೆಯಲ್ಲಿ ಮುರಿದುಕೊಂಡಿದ್ದೀನಿ ಅಂದರು. ಮನೆ ರಿಪೇರಿ ಅಂದರೆ ಮಾಲೀಕರದ್ದೇ ಅಲ್ಲವೆ ಅಂತ. ಕೊಂಕಾಗಿ ಹೇಳಲಿಲ್ಲ. ನ್ಯಾಯವಾಗಿ ಮಾತಾಡ್ತಿದ್ದೀನಿ ಅಂತಲೇ ಅವರ ಮುಖದಲ್ಲಿತ್ತು. ಅದೇ ತಡೆಯೋಕಾಗಲಿಲ್ಲ ನನಗೆ.

ಅವರ ತೋಳಿನಲ್ಲಿ ಮಗು ಇತ್ತು. ನಾನು ಅದ್ದಿ ತೆಗೆದ ಮಗು. ಆ ನೀರಿಗೆ ಹದಿನೈದು ರೂಪಾಯಿ ನಾನು ಕೊಡಬೇಕು.

ನಾನೇನೂ ಕೂಗಾಡಲಿಲ್ಲ. ಕೂಗಾಡೋಕೆ ಶಕ್ತಿಯೂ ಇರಲಿಲ್ಲ. ಇಷ್ಟು ಅಂದೆ:

"ರಾಯರೇ, ಬಾಣಂತೀನ ಹೊರಗೆ ಹಾಕೋಳಲ್ಲ ನಾನು. ಮೂರು ತಿಂಗಳು ಬಾಣಂತನ ಮುಗೀಲಿ, ಆಮೇಲೆ ಬೇರೆ ಮನೆ ನೋಡಿಕೊಳ್ಳಿ. ನಾಳೆಯಿಂದ ಬಾವಿ ನಾನು ಸೇದ್ತೀನಿ. ಬೇಕಾದರೆ ನೀವೂ ಸೇದಿ, ಬೇಡವಾದರೆ ಹೊಳೆ ಇದೆ. ಬಾಡಿಗೆ ಎಷ್ಟು ಕೊಡ್ತೀರೋ ಕೊಡಿ."

ಮಗುವನ್ನ ಎದೆಗೆ ಒತ್ತಿಕೊಂಡು ಹೋದರು.

ಇವರು ರೂಮಿನೊಳಗೆ ಕೇಳಿಸಿಕೊಂಡು ಕೂತಿದ್ದರು. ನಾನು ಅವತ್ತೇ ಹೇಳಲಿಲ್ಲವಾ ಅಂತ ಒಂದು ಮಾತು ಬರುತ್ತೆ ಅಂತ ಕಾದೆ. ಬರಲಿಲ್ಲ. ತಟ್ಟೆ ಹಾಕು, ಹಸಿವಾಗ್ತಿದೆ ಅಂದರು. ಈ ಮನುಷ್ಯ ಹಸಿವು ಅಂತ ಬಾಯಿಬಿಟ್ಟು ಎಷ್ಟು ದಿನವಾಗಿತ್ತು.

ಅತ್ತೆಗೆ ಮಾತ್ರ ಸಂಕಟ. ನಲ್ವತ್ ರೂಪಾಯಿ ಕಣವ್ವಾ, ನಲ್ವತ್ ರೂಪಾಯಿ ಅಂತ ಒಲೆ ಮುಂದೆ ಕೂತಿದ್ದಾಳೆ. ಅವಳು ಹೇಳೋದೂ ಸುಳ್ಳಲ್ಲ. ಅವರು ಹೋಗಿ ಜುಲೈ ಬಂದಾಗ ಏನು ಗತಿ ಅಂತ ನಾನೂ ಲೆಕ್ಕ ಹಾಕ್ತಿದ್ದೀನಿ.


2-4-65, ಯುಗಾದಿ

ಐದಕ್ಕೆ ಎದ್ದು ನಮ್ಮ ಹಗ್ಗ ಬಿಚ್ಚಿ ರಾಟೆಗೆ ಹಾಕಿದೆ. ಸಲೀಸಾಗಿ ಹೋಯ್ತು. ನಾಲ್ಕು ಕೊಡ ಸೇದಿದೆ. ಸಣ್ಣಿಗೆ ಎಣ್ಣೆ ಹಚ್ಚಿ ಬಾವಿ ಕಟ್ಟೆಯ ಹತ್ತಿರವೇ ಎರೆದೆ. ಇವರು ಬನಿಯನ್‌ನಲ್ಲೇ ಬಂದು ತಣ್ಣೀರು ಸುರಿದುಕೊಂಡರು, ಬಿಸಿ ಇದೆ ಅಂದರೂ ಕೇಳಲಿಲ್ಲ. ಅತ್ತೆ ದೂರದಲ್ಲಿ ನಿಂತು ನೋಡಿ, ಕೊನೆಗೆ ತಾನೂ ಒಂದು ಚೊಂಬು ತಗೊಂಡು ಮುಖ ತೊಳೆದಳು.

ಎಲ್ಲರೂ ಒಳಗೆ ಹೋದ ಮೇಲೆ ನೋಡ್ತೀನಿ, ಮುದುಕಿ ಖಾಲಿ ಕೊಡ ಹಿಡಿದುಕೊಂಡು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಾಳೆ. ಗುಮಾಸ್ತರು ಮತ್ತೆ ಹೇಳಿಟ್ಟಿದ್ದ ನೀರು ತರೋನು ಹಬ್ಬ ಅಂತ ಬಂದಿಲ್ಲ. ಒಳಗೆ ಮಗು ಅಳ್ತಿತ್ತು. ಬಾಣಂತಿಗೆ ಎರೆಯಬೇಕು, ಮಗುವಿಗೆ ಎರೆಯಬೇಕು. ಹೊಳೆಗೆ ಹೋಗಿ ಬರೋ ಮಂಡಿಯಲ್ಲ ಅವಳದು.

ಮೆಲ್ಲಗೆ ಬಂದಳು. ನೀನೇ ಒಂದೆರಡು ಕೊಡ ಹುಯ್ದುಬಿಡಮ್ಮ, ಅವನಿಗೆ ಹೇಳಬೇಡ ಅಂದಳು.

ಹುಯ್ಯಬಹುದಿತ್ತು. ಹುಯ್ಯಲಿಲ್ಲ. ಹಗ್ಗ ಅವಳ ಕಡೆ ಚಾಚಿದೆ. ನಾನು ಸೇದಿದ ಹಗ್ಗ, ಒದ್ದೆ. ನೀವೇ ಸೇದಿಕೊಳ್ಳಿ ಕಮಲಾಕ್ಷಮ್ಮ, ಯಾರಿಗೂ ಹೇಳೋದಿಲ್ಲ ಅಂದೆ.

ಹಗ್ಗ ನೋಡಿದಳು. ನನ್ನ ನೋಡಿದಳು. ಒಳಗೆ ಮಗು ಇನ್ನೂ ಜೋರಾಗಿ ಅಳೋಕೆ ಶುರುವಾಯ್ತು. ಹಿಡಿದಳು. ಒಂದು ಕೊಡ ಬಂತು. ಎರಡನೇದು ಅರ್ಧಕ್ಕೆ ಬರೋ ಹೊತ್ತಿಗೆ ಉಸಿರು ಹತ್ತಿತು, ಕೈ ಜಾರಿತು. ನಾನೂ ಹಿಡಿದೆ. ಇಬ್ಬರೂ ಸೇರಿ ಎಳೆದೆವು.

ಆಗ ಗುಮಾಸ್ತರು ಬಾಗಿಲು ತೆಗೆದರು. ನೋಡಿದರು. ಹಾಗೇ ಬಾಗಿಲು ಹಾಕಿಕೊಂಡರು. ಮುದುಕಿ ಹಗ್ಗ ಬಿಡಲಿಲ್ಲ.

ಮಧ್ಯಾಹ್ನ. ಒಬ್ಬಟ್ಟಿಲ್ಲ, ಪಾಯಸ ಇತ್ತು. ಸಣ್ಣಿ ಎರಡು ಸಲ ಹಾಕಿಸಿಕೊಂಡಳು.

ಈ ತಿಂಗಳ ಸಾಲು ಹೊಸದಾಗಿ ಬರೀಬೇಕು. ಮೊದಲು ಸೊಸೈಟಿ, ನಲವತ್ತೆಂಟು. ಎರಡನೇದು ಹಾಲು, ಎರಡು ಹೊತ್ತೂ. ಇದನ್ನ ಇನ್ನು ಕೆಳಗೆ ಇಳಿಸೋಳಲ್ಲ. ಆಮೇಲೆ ರಾಗಿ. ಆಮೇಲೆ...